ಬರ್ರಿ, ಡಾಕ್ಟರಬಾಯಿ

ಫಿನಾಯಿಲ್ ವಾಸನೆ, ಅದರ ಬೆನ್ನಿಗೇ ಚಪ್ಪಲಿ ಸಪ್ಪಳ, ಈ ಸಪ್ಪಳ ನನಗೆ ಗೊತ್ತು, ನನ್ನ ಪ್ರಣಿತಾಳದು — ಸೊಲ್ಲಾಪುರದ ಇಷ್ಟು ದೊಡ್ಡ ದವಾಖಾನೆಯಲ್ಲಿ ಅವಳ ಡಾಕ್ಟರ್ ಪರೀಕ್ಷೆಗೆ ನಾನು ಮಲಗಿದ ಕಾಟೇ ಪಾಲಿಗೆ ಬರಬೇಕೆ, ಮಾವಶಿ, ಗುರ್ತಿನವರು ಬಂದರ ಹೇಳ್ರಿ, ಪೇಶಂಟ್ ಬದಲಿ ಮಾಡತಾರ ಎಂದು ಸಿಸ್ಟರ್ ಬೆಳಿಗ್ಗೆಯೇ ಹೇಳಿದ್ದಳು, ಪ್ರಣಿತಾ ನನ್ನನ್ನು ಕಂಡು ನಿಂತಳು, ಅವ್ವ ಅನ್ನುವುದು ತುಟಿಗೆ ಬಂದಿತ್ತು, ನಾನೇ ಮೊದಲು ಅಂದೆ, ಬರ್ರಿ ಡಾಕ್ಟರಬಾಯಿ — ಹೆತ್ತ ಮಗಳಿಗೆ ರೀ ಹಚ್ಚಿದೆ, ಹಚ್ಚಿದರೆ ಎಷ್ಟು ಚೆಂದ ಒಪ್ಪುತ್ತದೆ, ತಪ್ಪಾದರೆ ಆಗಲಿ, ಅವಳು ಡಾಕ್ಟರಾಗಿ ನಿಂತದ್ದನ್ನು ಒಮ್ಮೆ ಕಣ್ಣು ತುಂಬ ನೋಡಬೇಕಿತ್ತು, ಸಿಕ್ಕಿಬಿದ್ದರೆ ಪರೀಕ್ಷೆ ಮುಳುಗುತ್ತದೆ, ಬೀರೋಬಾ, ಕೆಮ್ಮು ತಡಿಯಪ್ಪಾ, ಅವಳು ಕಿವಿಗೆ ಹಚ್ಚಿ ಎದೆ ಕೇಳುವ ಯಂತ್ರದ ಬಿಲ್ಲೆಯನ್ನು ಅಂಗೈಯಲ್ಲಿ ತಿಕ್ಕುತ್ತಿದ್ದಾಳೆ, ಪರೀಕ್ಷೆ ತಗೊಳ್ಳುವ ಸಾಹೇಬರು ಇಂಗ್ಲಿಷಿನಲ್ಲಿ ಏನೋ ಕೇಳಿದರು, ಅಸ್ಥಮ್ಯಾಟಿಕ್ ಅಂದಳು — ಈ ಮಾತು ನನಗೆ ಹಳೆಯದು, ನಮ್ಮೂರು ಕರಜಗಿಗೆ ರಜೆಗೆ ಬಂದಾಗ ಕುರಿಹಟ್ಟಿಯಲ್ಲಿ ಕೂತು ಗಟ್ಟಿಯಾಗಿ ಓದುತ್ತಿದ್ದಳು, ಅವ್ವಾ, ನಿನ್ನಂಗ ದಮ್ಮ ಇದ್ದವರಿಗಿ ಹಿಂಗ ಅಂತಾರ, ಗ್ರೀಕರ ಮಾತು, ಲ್ಯಾಟಿನ್‌ದವರು ಇಸಗೊಂಡ್ರು, ಇಸಗೊಂಡವರು ತಿರುಗಿ ಕೊಡಲಿಲ್ಲೇನ ಅಂದಿದ್ದೆ, ಬಿದ್ದು ಬಿದ್ದು ನಕ್ಕಿದ್ದಳು, ಹೆಪ್ಪು ಯಾರ ಮನೆಯದಾದರೇನು, ಮೊಸರು ನಮ್ಮದೇ, ಈಗ ಆ ಮಾತು ಕುರುಬರ ಹುಡುಗಿಯ ಬಾಯಲ್ಲಿ, ಸಾಹೇಬರು ಗೋಣು ಹಾಕುತ್ತಿದ್ದಾರೆ, ನನ್ನ ಎದೆ ಉಬ್ಬಿತು, ದಮ್ಮಿನಿಂದಲ್ಲ — ಮಾವಶಿ, ಮಕ್ಕಳೆಷ್ಟ್ರಿ, ನೆಲ ನೋಡುತ್ತ ಕೇಳಿದಳು, ಒಬ್ಬಾಕಿ ಮಗಳ್ರಿ, ಮುಲಗಿ ಕಾಯ್ ಕರತೇ, ಮಗಳು ಏನು ಮಾಡುತ್ತಾಳೆಂದು ಸಾಹೇಬರು ಮರಾಠಿಯಲ್ಲಿ ನನ್ನನ್ನೇ ಕೇಳಿದರು, ಕುರಿ ಕಾಯತಾಳ್ರಿ ಅಂದೆ, ಪೂರ್ತಿ ಸುಳ್ಳೇನಲ್ಲ, ಸಾಲಿಯಿಂದ ಬಂದು ಕಾಯುತ್ತಿದ್ದವಳೇ, ಅವಳ ಕೈ ನಿಂತಿತು, ಮತ್ತೆ ತಿಕ್ಕಿತು, ಚಳಿಗಾಲದಲ್ಲಿ ಈಗತಾನೆ ಹುಟ್ಟಿದ ಮರಿಯನ್ನು ಎತ್ತುವ ಮೊದಲು ನಾನು ಅಂಗೈ ಹೀಗೇ ತಿಕ್ಕಿಕೊಳ್ಳುತ್ತಿದ್ದೆ, ತಣ್ಣನ ಕೈ ಹಚ್ಚಬ್ಯಾಡ ಮಗಾ, ಮರಿ ಬೆದರತೈತಿ, ಸಾಹೇಬರೂ ನೋಡಿದರು, ಬಿಲ್ಲೆ ಬೆಚ್ಚಗೆ ಮಾಡುವುದನ್ನು ಯಾರು ಕಲಿಸಿದರು ಎಂದರು, ಸುಮ್ಮನಿರು ಪ್ರಣಿತಾ, ಪುಸ್ತಕದಾಗ ಓದೀನಿ ಅನ್ನು — ನಮ್ಮವ್ವ ಸರ್, ಇಕೀನ ನಮ್ಮವ್ವ, ಅಂದೇಬಿಟ್ಟಳು, ನನ್ನ ಕಣ್ಣಲ್ಲಿ ಕಣ್ಣಿಟ್ಟು, ಸಾಹೇಬರ ಪೆನ್ನು ನಿಂತಿದೆ, ವಾರ್ಡೆಲ್ಲ ನಿಂತಿದೆ, ನಿಲ್ಲದ್ದು ಆ ಅಂಗೈ ಒಂದೇ, ತಿಕ್ಕುತ್ತಿದೆ, ಬಿಲ್ಲೆ ಬೆಚ್ಚಗಾಗುವವರೆಗೆ ತಿಕ್ಕುತ್ತಿದೆ, ಆ ಅಂಗೈ