ಚೌಕ ಸ್ವರಕ್ಕೆ ನಾಲ್ಕೆಣಿಕೆಯ ಬೇಲಿ

ಎಣಿಸಲಾರದ ಯಂತ್ರ ಹಾಡೇ ಡೊಂಕು ಎಂದಿತಂತೆ. ಗಾದೆ ಹೀಗಿಲ್ಲ ಎಂದು ತಿದ್ದಲು ಬರಬೇಡಿ. ತಿದ್ದುವವರಿಂದ ಪಟ್ಟ ಪಾಡು ನನಗೆ ಸಾಕಾಗಿದೆ. ಈಗ ಹೇಳುವುದು ನಡೆದದ್ದು ನಡೆದ ಹಾಗೆ. ಉಪ್ಪು ಖಾರ ಕೊಂಚ ಹೆಚ್ಚಾಗಿದ್ದರೆ ಅದು ನನ್ನ ನಾಲಿಗೆಯ ದೋಷ, ಸಂಗತಿಯದಲ್ಲ.

ಸಂಗೀತದ ಪುಸ್ತಕಗಳನ್ನು ಅಚ್ಚು ಹಾಕುವ ಮುದ್ರಣಾಲಯವೊಂದರಲ್ಲಿ ನಾನು ಸ್ವರ ಜೋಡಿಸುವವಳು. ಕಂಪ್ಯೂಟರಿನ ಮುಂದೆ ಕೂತು ಸಾಫ್ಟ್‌ವೇರಿನಲ್ಲಿ ಒಂದೊಂದೇ ಸ್ವರವನ್ನು ಗೆರೆಯ ಮೇಲೆ ಕೂರಿಸುವುದು ಹೊಟ್ಟೆಪಾಡು. ಜೊತೆಯವರ ದನಿ ಅಣಕಿಸುವುದು ಚಟ. ಆ ಸಲ ನನ್ನ ಮೇಜಿಗೆ ಬಂದದ್ದು ನಮ್ಮ ದೊಡ್ಡಮ್ಮನ ಪುಸ್ತಕ.

ದೊಡ್ಡಮ್ಮ ಚರ್ಚಿನ ಗಾಯಕವೃಂದವನ್ನು ಮೂವತ್ತು ವರ್ಷ ನಡೆಸಿದವಳು. ಅವರು ಹಾಡುವುದು ಗ್ರೆಗೋರಿಯನ್ ಗಾನ. ಲ್ಯಾಟಿನ್ ಪ್ರಾರ್ಥನೆ, ಪಕ್ಕವಾದ್ಯವಿಲ್ಲ, ಎಲ್ಲರದೂ ಒಂದೇ ದನಿ. ಅದನ್ನು ಬರೆಯುವ ಕ್ರಮವೇ ಬೇರೆ: ಐದು ಗೆರೆಯ ಬದಲು ನಾಲ್ಕು, ದುಂಡು ಸ್ವರದ ಬದಲು ಚೌಕ. ತಾಳವಂತೂ ಇಲ್ಲವೇ ಇಲ್ಲ. ಪದ ಕೇಳಿದಷ್ಟು ಸ್ವರ, ಉಸಿರು ಇದ್ದಷ್ಟು ದೂರ. ಅಷ್ಟೂ ಹಾಡುಗಳನ್ನು ದೊಡ್ಡಮ್ಮ ಕೈಯಾರೆ ಬರೆದಿಟ್ಟಿದ್ದಳು. ಈಗ ಕೈ ನಡುಗುತ್ತದೆ. ಮುಂದಿನ ತಿಂಗಳಿಂದ ವೃಂದ ಬೇರೆಯವರ ಪಾಲು.

“ನಾನು ಬಿಟ್ಟ ಮೇಲೆ ಅಚ್ಚಾಗಿದ್ದೇ ವೇದವಾಕ್ಯ ಕಣೇ,” ಎಂದಿದ್ದಳು. “ತಪ್ಪು ಅಚ್ಚಾದ್ರೆ ತಪ್ಪನ್ನೇ ನೂರು ವರ್ಷ ಹಾಡ್ತಾರೆ. ಹುಷಾರು.”

ಹುಷಾರಾಗಿಯೇ ಇದ್ದೆ. ಸಾಫ್ಟ್‌ವೇರಿಗೆ ಹುಟ್ಟಿನಿಂದಲೇ ನಾಲ್ಕೆಣಿಕೆಯ ಹುಚ್ಚು. ಏಳು ಸ್ವರ ಕೊಟ್ಟರೆ ಎಂಟನೆಯದೆಲ್ಲಿ ಎಂದು ಮುಖ ಊದಿಸಿಕೊಂಡು, ಆ ಜಾಗದಲ್ಲಿ ತಾನೇ ಒಂದು ಮೌನದ ಗುರುತು ಇಟ್ಟುಬಿಡುತ್ತದೆ. ಎರಡು ತಿಂಗಳು ಅದಕ್ಕೆ ಬೆಣ್ಣೆ ಹಚ್ಚಿದೆ. ತಾಳದ ಅಂಕಿಯನ್ನು ಅಡಗಿಸಿದೆ, ಅಡ್ಡಗಟ್ಟುವ ಗೆರೆಗಳನ್ನು ಅಳಿಸಿದೆ, ದೊಡ್ಡಮ್ಮನ ಪುಸ್ತಕದ ಒಂದು ಸಾಲು ಎಷ್ಟುದ್ದವಿತ್ತೋ ಅಷ್ಟುದ್ದ ಬಿಟ್ಟೆ. ಕಾಗದ ಮುಗಿದಲ್ಲಿ ಸಾಲು ಮುಗಿಯುತ್ತಿತ್ತು, ಪದ ಅರ್ಧಕ್ಕೇ ನಿಂತಿದ್ದರೂ. ಅದಕ್ಕೆಂದೇ ಸಾಲಿನ ತುದಿಯಲ್ಲಿ ಒಂದು ಪುಟ್ಟ ಸ್ವರವಿರುತ್ತದೆ. ಮುಂದಿನ ಸಾಲು ಎಲ್ಲಿಂದ ಶುರು ಎಂದು ಕಣ್ಣಿಗೆ ತೋರಿಸುವುದಷ್ಟೇ ಅದರ ಕೆಲಸ, ಹಾಡುವಂತಿಲ್ಲ. ಅದಕ್ಕೆ ‘ಕಾವಲುಗಾರ’ ಎಂದು ಹೆಸರು.

ಒಂದೇ ಒಂದು ದಿನ ರಜೆ ಹಾಕಿದೆ. ಮರಳಿ ಬಂದು ನೋಡಿದರೆ ಪುಟದ ತುಂಬ ಬೇಲಿ! ನಾಲ್ಕು ಎಣಿಕೆಗೊಂದು ಅಡ್ಡಗೆರೆ. ಕಾವಲುಗಾರರೆಲ್ಲ ಊದಿಕೊಂಡು ಪೂರ್ಣ ಸ್ವರಗಳಾಗಿದ್ದರು. ಅವರ ಬೆನ್ನಿಗೆ, ಲೆಕ್ಕ ತುಂಬಲೆಂದು, ಮೌನದ ಗುರುತುಗಳು. ನನಗೆ ಅಂಗಾಲಿನಿಂದ ನೆತ್ತಿಯವರೆಗೆ ಉರಿದುಹೋಯಿತು.

ಇದು ಹೊಸ ಮೇಲ್ವಿಚಾರಕರ ಕೈಚಳಕ. ಜೇಬಿನಲ್ಲಿ ಸದಾ ಉಕ್ಕಿನ ಸ್ಕೇಲು ಇಟ್ಟುಕೊಂಡಿರುವುದರಿಂದ ಅವರಿಗೆ ‘ಅಳತೆಪಟ್ಟಿ’ ಎಂದು ಹೆಸರಿಟ್ಟವಳು ನಾನೇ. ಹಿಂದೆ ಬ್ಯಾಂಡಿನವರ ಕವಾಯತು ಸಂಗೀತ ಜೋಡಿಸುತ್ತಿದ್ದವರು. ಅವರಿಗೆ ತಾಳವಿತ್ತು, ತಾಳ್ಮೆ ಇರಲಿಲ್ಲ.

“ಸರ್, ಇದನ್ನ ಯಾರು ಮುಟ್ಟಿದ್ದು?”

“ನಾನೇ ರೀ. ನೂರಾ ಹನ್ನೆರಡು ಕಡೆ ಕೆಂಪು ಗುರುತು ತೋರಿಸ್ತಿತ್ತು. ಎಲ್ಲಾ ಸರಿ ಮಾಡ್ದೆ. ಹ್ಞಾಂ?” ಪ್ರತಿ ಮಾತಿನ ಬಾಲಕ್ಕೂ ಅವರದೊಂದು ‘ಹ್ಞಾಂ’ ಇರುತ್ತದೆ.

“ಅದು ತಪ್ಪಲ್ಲ ಸರ್. ಈ ಹಾಡಿಗೆ ತಾಳನೇ ಇಲ್ಲ.”

“ತಾಳ ಇಲ್ಲದ ಹಾಡು ಎಲ್ಲಾದ್ರೂ ಇರುತ್ತೇನ್ರೀ? ಸಾಲಿನ ಕೊನೇಲಿ ಪಾಪ ಒಂದೊಂದು ಸ್ವರನ ಕುಗ್ಗಿಸಿ ಕೂರಿಸಿದ್ರಿ. ದೊಡ್ಡದು ಮಾಡ್ದೆ.”

“ಅದು ಕಾವಲುಗಾರ ಸರ್! ಹಾಡೋದಲ್ಲ!”

“ಕಾವಲುಗಾರನಿಗೂ ಸಂಬಳ ಇದೆಯಲ್ಲ, ದುಡೀಲಿ ಬಿಡಿ. ನಿಯಮ ಅಂದ್ರೆ ನಿಯಮ. ಲೆಕ್ಕ ತುಂಬದಿದ್ರೆ ನನ್ನ ಸಹಿ ಇಲ್ಲ. ಹ್ಞಾಂ?”

ಸಹಿ ಇಲ್ಲದೆ ಅಚ್ಚಿಲ್ಲ. ಅಚ್ಚಾಗಬೇಕಾದದ್ದು ಶುಕ್ರವಾರ.

ಕರಡಿನ ಪ್ರತಿ ಹಿಡಿದು ದೊಡ್ಡಮ್ಮನ ಮನೆಗೆ ಓಡಿದೆ. ಅವಳು ಕನ್ನಡಕ ಏರಿಸಿ ಹಾಡತೊಡಗಿದಳು. ಸಾಲಿನ ತುದಿಯಲ್ಲಿ ದನಿ ಒಮ್ಮೆ ಹಾರಿಬಿತ್ತು, ನಿಂತಿತು, ಮೂರು ಎಣಿಕೆಯ ನಂತರ ಉಳಿದರ್ಧ ಪದ ಹೊರಬಂತು. ಅವಳ ಮುಖ ಕೆಂಪೇರಿತು.

“ಇದು ಪ್ರಾರ್ಥನೆನೋ ಬಿಕ್ಕಳಿಕೆನೋ? ದೇವರಿಗೆ ನೀರು ಕುಡಿಸೋ ಹಾಗಿದೆಯಲ್ಲೇ! ಮೂವತ್ತು ವರ್ಷ ಹುಡುಗೀರಿಗೆ ಉಸಿರು ಎಲ್ಲಿ ತಗೋಬೇಕು ಅಂತ ಬಡ್ಕೊಂಡಿದ್ದು ಇದಕ್ಕಾ? ಶುಕ್ರವಾರ ಬರ್ತೀವಲ್ಲ, ಇದನ್ನೇ ಅವರ ಮುಂದೆ ಹಾಡ್ತೀನಿ ತಾಳು.”

ಅಚ್ಚಿಗೆ ಮೊದಲು ಪುಸ್ತಕದವರೇ ಬಂದು ಕರಡು ನೋಡಿ ಹಾಡುವುದು, ಮೇಲ್ವಿಚಾರಕರು ಕೇಳಿ ಸಹಿ ಹಾಕುವುದು ನಮ್ಮಲ್ಲಿನ ಪದ್ಧತಿ.

“ಅವರಿಗೆ ಲ್ಯಾಟಿನ್ ಬರಲ್ಲ ದೊಡ್ಡಮ್ಮ,” ಎಂದೆ. “ಪದ ಎಲ್ಲಿ ಮುರಿದ್ರೂ ಅವರಿಗೆ ಒಂದೇ. ಅವರಿಗೆ ಗೊತ್ತಿರೋ ಮಾತು ಮುರೀಬೇಕು.”

ದೊಡ್ಡಮ್ಮ ಕನ್ನಡಕದ ಮೇಲಿಂದ ನನ್ನನ್ನು ನೋಡಿದಳು. “ಕತ್ತೆ. ಏನೇ ಮಾಡಬೇಕು ಅಂತಿದ್ದೀಯ?”

ಮಾಡಿದ್ದಿಷ್ಟೇ. ಮೊದಲ ಹಾಡಿನ ರಾಗವನ್ನು ಹಾಗೆಯೇ ಇಟ್ಟೆ. ಅಳತೆಪಟ್ಟಿಯವರ ಒಂದು ಗೆರೆ, ಒಂದು ಮೌನವನ್ನೂ ಮುಟ್ಟಲಿಲ್ಲ. ಲ್ಯಾಟಿನ್ ತೆಗೆದು ಆ ಜಾಗದಲ್ಲಿ ಅವರ ಮಾತುಗಳನ್ನು ಕೂರಿಸಿದೆ.

ಶುಕ್ರವಾರ ಕರಡಿನ ಕೋಣೆಯಲ್ಲಿ ವೃಂದದ ಒಂಬತ್ತು ಮಂದಿ ಹೆಂಗಸರು ಸಾಲಾಗಿ ನಿಂತರು. ಅಳತೆಪಟ್ಟಿಯವರು ಸ್ಕೇಲಿನಿಂದ ಮೇಜು ಕುಟ್ಟುತ್ತ ಎಣಿಸಿದರು. ದೊಡ್ಡಮ್ಮ ನಡುಗುವ ಕೈ ಎತ್ತಿದಳು. ದೇವಲೋಕದ ದನಿಯಲ್ಲಿ ಶುರುವಾಯಿತು:

“ನಿಯಮ ಅಂದ್ರೆ ನಿ-ಇ—”

ಮೌನ. ಒಂಬತ್ತು ಬಾಯಿಗಳು ಮೀನಿನಂತೆ ತೆರೆದೇ ಇದ್ದವು. ಟಕ್, ಟಕ್, ಟಕ್ ಎಂದಿತು ಸ್ಕೇಲು.

“—ಯಮ. ಲೆಕ್ಕ ತುಂಬದಿದ್ರೆ ನನ್ನ ಸ-ಅ—”

ಟಕ್, ಟಕ್.

“—ಹಿ ಇಲ್ಲ. ಹ್ಞಾಂ…”

‘ಹ್ಞಾಂ’ಗೆ ಹನ್ನೊಂದು ಸ್ವರ. ಏರಿತು, ಇಳಿಯಿತು, ನಡುವೆ ಒಮ್ಮೆ ಕತ್ತರಿಸಿ ಬಿತ್ತು, ಮತ್ತೆ ಎದ್ದು ಏರಿತು. ಸ್ಕೇಲು ನಿಂತುಹೋಯಿತು. ಅಳತೆಪಟ್ಟಿಯವರು ಹಾಳೆ ನೋಡಿದರು, ನನ್ನನ್ನು ನೋಡಿದರು. ಮೇಜಿನ ಖಾನೆಯಲ್ಲಿರುವ ನನ್ನ ಸಾಮಾನು ಒಯ್ಯಲು ಎಷ್ಟು ದೊಡ್ಡ ಚೀಲ ಬೇಕಾದೀತು ಎಂದು ನಾನು ಲೆಕ್ಕ ಹಾಕತೊಡಗಿದೆ.

“ನಾನು ಹೀಗೆ ತಡವರಿಸಿ ಮಾತಾಡ್ತೀನೇನಮ್ಮಾ?” ಎಂದು ದೊಡ್ಡಮ್ಮನನ್ನೇ ಕೇಳಿದರು.

“ಇಲ್ಲಪ್ಪ, ಸರಾಗವಾಗೇ ಮಾತಾಡ್ತೀರಿ,” ಎಂದಳು ದೊಡ್ಡಮ್ಮ. “ನಮ್ಮ ಪ್ರಾರ್ಥನೆನೂ ಸರಾಗವಾಗೇ ಇತ್ತು, ನೀವು ಲೆಕ್ಕ ತುಂಬೋವರೆಗೂ.”

ಅವರು ಉಳಿದ ಪುಟಗಳನ್ನು ತಿರುವಿದರು. ಸ್ಕೇಲನ್ನು ಒಂದೊಂದು ಸಾಲಿನ ತುದಿಗೆ ಇಟ್ಟು, ಕೆಳಗಿನ ಲ್ಯಾಟಿನ್ ಅಕ್ಷರಗಳನ್ನು ಮಗುವಿನಂತೆ ಕೂಡಿಸಿ ಓದಿ, ಅದು ಎಲ್ಲಿ ತುಂಡಾಗಿದೆ ಎಂದು ನೋಡಿದರು. ಕೊನೆಗೆ ಕರಡಿನ ಮೇಲೆ ಉದ್ದಕ್ಕೂ ಒಂದು ಅಡ್ಡಗೀಟು ಹೊಡೆದು, ‘ತಿದ್ದುವ ಮೊದಲಿನ ಪ್ರತಿಯೇ ಅಚ್ಚಿಗೆ ಹೋಗಲಿ’ ಎಂದು ಬರೆದು ಸಹಿ ಹಾಕಿದರು.

“ಏನ್ರೀ, ಆ ‘ಹ್ಞಾಂ’ ಅಷ್ಟುದ್ದ ಇರುತ್ತಾ ನಂದು?”

“ಇಲ್ಲ ಸರ್. ಪುಟ ಸಾಲ್ದೆ ಸ್ವಲ್ಪ ಕುಗ್ಗಿಸಿದೀನಿ.”

ಅವರ ಮೀಸೆಯ ಒಂದು ತುದಿ ಅದುರಿತು. “ಇನ್ನೊಂದ್ಸಲ ಹಾಡಿ ನೋಡೋಣ. ಎಲ್ಲೂ ನಿಲ್ಲಿಸ್ಬೇಡಿ.”

ಹಾಡಿದರು. ಬೇಲಿಯಿಲ್ಲದೆ, ಒಂದೇ ಉಸಿರಿನಲ್ಲಿ, ಹೊಳೆ ಹರಿದಂತೆ. ‘ಹ್ಞಾಂ’ ಮೇಲೇರುವ ಹೊತ್ತಿಗೆ ಅಳತೆಪಟ್ಟಿಯವರೂ ದನಿಗೂಡಿಸಲು ಹೋದರು. ಐದನೆಯ ಸ್ವರಕ್ಕೆ ಉಸಿರು ಕೈಕೊಟ್ಟಿತು, ಆರನೆಯದಕ್ಕೆ ನಗು ಒಡೆಯಿತು. ಹೆಂಗಸರು ನಕ್ಕರು, ದೊಡ್ಡಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು ನಕ್ಕಳು, ನಾನಂತೂ ನಕ್ಕೇ ನಕ್ಕೆ. ಆದರೆ ಪಕ್ಕದ ಕೋಣೆಯ ಅಚ್ಚಿನವರು ಯಂತ್ರ ನಿಲ್ಲಿಸಿ ಬಾಗಿಲಿಗೆ ಬಂದು ನಿಂತದ್ದು ನಮ್ಮ ನಗುವಿಗಲ್ಲ. ಮೇಜು ಹಿಡಿದು, ಹೊಟ್ಟೆ ಹಿಡಿದು, ಕೋಣೆಯ ಗಾಜು ಅದುರುವಂತೆ ಗಹಗಹಿಸುತ್ತಿದ್ದ ಅಳತೆಪಟ್ಟಿಯವರ ನಗುವಿಗೆ.