ನಾಟ್ ಬ್ಯಾಡ್ ಮಿಸ್

ಅಡ್ಡಹೆಸರಿಲ್ಲದ ಟೀಚರು ಪ್ರಪಂಚದಲ್ಲಿ ಎಲ್ಲಿದ್ದಾರೆ? ದೇಶ ಬಿಟ್ಟು ದೇಶಕ್ಕೆ ಬಂದು ಇಂಗ್ಲಿಷ್ ಕಲಿಸುತ್ತಿದ್ದ ನಮ್ಮ ಟೀಚರಮ್ಮನಿಗೂ ಒಂದಿತ್ತು. ಅದು ಅವಳ ಕಿವಿಗೆ ಬೀಳಲು ಮಾತ್ರ ಆರು ವರ್ಷ ಹಿಡಿಯಿತು. ಒಂದು ಶುಕ್ರವಾರ ಮಧ್ಯಾಹ್ನ ಪಕ್ಕದ ತರಗತಿಯ ಗಡ್ಡದ ಮೇಷ್ಟ್ರು ಚಹಾ ಕುಡಿಯುತ್ತಾ ಬಾಯಿ ಜಾರಿದರು.

“ಅಲ್ಲಾ, ನಿಮ್ಮ ಟೈಲರಮ್ಮ ಪರೀಕ್ಷೆಗೆ ಹೆಸರು ಕೊಡಲ್ವಂತೆ? ನಾಟ್ ಬ್ಯಾಡ್ ಮಿಸ್ಸೇ ಹಾಗಂದ ಮೇಲೆ ಇನ್ನೇನಿದೆ ಅಂತ ಕೆಳಗೆ ಸಿಕ್ಕಿದಾಗ ಹೇಳಿದ್ರು.”

“ಯಾರದು ನಾಟ್ ಬ್ಯಾಡ್ ಮಿಸ್?”

ಮೇಷ್ಟ್ರು ಗಡ್ಡ ಕೆರೆದುಕೊಂಡರು. “ನೀವೇ.”

ಅಡ್ಡಹೆಸರು ಹಾಳಾಗಿ ಹೋಗಲಿ, ಮೊದಲನೇ ಮಾತು ಕೇಳಿ ಅವಳ ಎದೆ ಧಸಕ್ಕೆಂದಿತು. ಟೈಲರಮ್ಮ ಬೆಳಿಗ್ಗೆ ಏಳರ ತರಗತಿಯಲ್ಲಿ ಕಿಟಕಿ ಪಕ್ಕ ಕೂರುವ ಐವತ್ತು ದಾಟಿದ ಹೆಂಗಸು. ಕೊರಳಲ್ಲಿ ಅಳತೆಯ ಟೇಪನ್ನು ಮರೆತೇ ಬಂದುಬಿಡುವವರು. ಎರಡು ವರ್ಷದಲ್ಲಿ ಒಂದು ದಿನವೂ ತಪ್ಪಿಸಿಕೊಂಡವರಲ್ಲ. ಪಕ್ಕದ ಬೀದಿಯ ದೊಡ್ಡ ಹೋಟೆಲಿನವರು ತಮ್ಮ ಸಿಬ್ಬಂದಿಯ ಯೂನಿಫಾರ್ಮ್ ಹೊಲಿಯುವ ವಿಭಾಗಕ್ಕೆ ಅವರನ್ನೇ ಮೇಲ್ವಿಚಾರಕಿ ಮಾಡುತ್ತೇವೆ ಎಂದಿದ್ದರು. ಅಲ್ಲಿ ಹತ್ತು ದೇಶದ ಜನ ಕೆಲಸ ಮಾಡುವುದರಿಂದ, ಮಾತಾಡುವ ಇಂಗ್ಲಿಷಿನ ಪರೀಕ್ಷೆ ಪಾಸಾಗಿರಬೇಕು ಎಂಬುದೊಂದೇ ಷರತ್ತು. ಈ ಸಲದ ಪರೀಕ್ಷೆಯವರೆಗೆ ಕಾಯುತ್ತೇವೆ, ಆಮೇಲೆ ಬೇರೆಯವರನ್ನು ನೋಡಿಕೊಳ್ಳುತ್ತೇವೆ ಎಂದೂ ಹೇಳಿದ್ದರು. ಹೆಸರು ಕೊಡಲು ಕೊನೆಯ ದಿನ ಇವತ್ತೇ, ಐದು ಗಂಟೆಯೊಳಗೆ. ಆಗಲೇ ಮೂರೂಕಾಲು.

ಚಹಾ ಅಲ್ಲೇ ಬಿಟ್ಟು ಟೀಚರಮ್ಮ ಮೆಟ್ಟಿಲಿಳಿದಳು. ಬುಧವಾರ ತರಗತಿಯಲ್ಲಿ ಅಭ್ಯಾಸದ ಸಂದರ್ಶನ ನಡೆಸಿದ್ದು ನೆನಪಾಯಿತು. ಅಂದು ಟೈಲರಮ್ಮ ಹತ್ತು ನಿಮಿಷ ಎಲ್ಲೂ ತಡವರಿಸದೆ ಮಾತಾಡಿದ್ದರು. ಪ್ಯಾಂಟಿನ ಮೊಣಕಾಲು ನೋಡಿ ಅದರ ಯಜಮಾನ ಎಂಥ ಕೆಲಸದವನು ಎಂದು ಹೇಗೆ ಪತ್ತೆ ಮಾಡುತ್ತೇನೆ ಎಂದು ವಿವರಿಸಿ ಇಡೀ ತರಗತಿಯನ್ನು ನಗಿಸಿದ್ದರು. ಟೀಚರಮ್ಮನಿಗೆ ಹಿಡಿಸಲಾರದಷ್ಟು ಹೆಮ್ಮೆಯಾಗಿತ್ತು. ಆ ಹೆಮ್ಮೆಯಲ್ಲೇ ಹಾಜರಿ ಪುಸ್ತಕ ಮುಚ್ಚುತ್ತಾ “ನಾಟ್ ಬ್ಯಾಡ್” ಎಂದಿದ್ದಳು.

ಅವಳ ಲೆಕ್ಕದಲ್ಲಿ ಅದಕ್ಕಿಂತ ದೊಡ್ಡ ಹೊಗಳಿಕೆಯೇ ಇರಲಿಲ್ಲ. ಅವಳ ಅಪ್ಪ ಕಚೇರಿಯಲ್ಲಿ ಕಟ್ಟಡದ ನಕ್ಷೆ ಬರೆಯುತ್ತಿದ್ದವರು. ಯಾರನ್ನೂ ಹೊಗಳಿ ಅಟ್ಟಕ್ಕೇರಿಸುವ ಪೈಕಿ ಅಲ್ಲ. ಬಾಯಿಬಿಟ್ಟರೆ ಎಲ್ಲಿ ಮುತ್ತು ಉದುರೀತೋ ಎಂದು ಕಾಯ್ದುಕೊಂಡಿದ್ದ ಮನುಷ್ಯ. ಮಗಳು ಮೊದಲ ರ್‍ಯಾಂಕ್ ಬಂದಾಗ ಕನ್ನಡಕ ಹಣೆಗೇರಿಸಿ “ಪರವಾಗಿಲ್ಲ” ಎಂದರು. ಈ ಕೆಲಸದ ಪತ್ರ ಬಂದಾಗ ಎರಡು ಸಲ ಓದಿ, ಮಡಿಸಿ, “ಪರವಾಗಿಲ್ಲ” ಎಂದು ಗಿಡಕ್ಕೆ ನೀರು ಹಾಕಲು ಹೊರಟುಹೋದರು. ಆಗೆಲ್ಲ ಅಮ್ಮ ಅಡುಗೆಮನೆಯಿಂದ ಬಂದು ಪಿಸುಗುಟ್ಟುತ್ತಿದ್ದಳು: “ನಿಮ್ಮಪ್ಪಂಗೆ ಖುಷಿ ತಡೆಯೋಕಾಗ್ತಿಲ್ಲ ಕಣೇ.” ಆ ಮನೆಯಲ್ಲಿ ಅಮ್ಮನೇ ಅನುವಾದಕಿ. ಮಗಳು ಮುಂದೆ ಊರೂರಿಗೆ ಇಂಗ್ಲಿಷ್ ಹಂಚಲು ಹೊರಟಾಗ ಅಪ್ಪನ ಮಾತನ್ನು ಮಾತ್ರ ಕಟ್ಟಿಕೊಂಡು ಬಂದಳು, ಅನುವಾದಕಿಯನ್ನು ಮನೆಯಲ್ಲೇ ಬಿಟ್ಟು.

ಟೈಲರಮ್ಮನ ಹೊಲಿಗೆ ಅಂಗಡಿ ಎಂದರೆ ಎರಡು ಕಟ್ಟಡಗಳ ನಡುವಿನ ಕಿಷ್ಕಿಂಧೆ. ಒಂದು ಮಷಿನ್ನು, ಒಂದು ಇಸ್ತ್ರಿ ಮೇಜು, ಗೋಡೆ ತುಂಬ ಚೀಟಿ ಚುಚ್ಚಿದ ಬಟ್ಟೆಗಳು. ಟೈಲರಮ್ಮ ತಲೆ ಎತ್ತದೆ ಪ್ಯಾಂಟಿನ ಅಂಚು ಮಡಚಿ ಹೊಲಿಯುತ್ತಿದ್ದರು. ಇಬ್ಬರಿಗೂ ಸರಿಯಾಗಿ ಬರುವ ಭಾಷೆ ಒಂದೂ ಇಲ್ಲ. ಇವಳಿಗೆ ಹರಕುಮುರುಕಾಗಿ ಬರುವ ಅವರ ಭಾಷೆ, ಅವರ ಹೊಸ ಇಂಗ್ಲಿಷು, ಎರಡನ್ನೂ ಸೇರಿಸಿ ಹೊಲಿದುಕೊಂಡು ಮಾತಾಡಿದರು.

“ಹೆಸರು ಯಾಕೆ ಕೊಟ್ಟಿಲ್ಲ ಮೇಡಂ?” ಎಂದಳು ಟೀಚರಮ್ಮ. ಬಾಯಲ್ಲಿ ಮೇಡಂ, ಮನಸ್ಸಲ್ಲಿ ಯಾವತ್ತೂ ಅಕ್ಕ.

“ಯಾಕೆ ಅಂತ ನೀವು ಕೇಳ್ತೀರಾ ಮಿಸ್?” ಮಷಿನ್ನು ನಿಂತಿತು. “ಪದಕೋಶ ತೆಗೆದು ನೋಡಿದೆ. ನಾಟ್ ಬ್ಯಾಡ್ ಅಂದ್ರೆ ಕೆಟ್ಟಿಲ್ಲ ಅಂತ. ನಿನ್ನೆ ಉಳಿದ ಅಡುಗೆ ಮೂಸಿ ನೋಡಿ ಹೇಳೋ ಮಾತದು. ಹಿಂದಿನ ಬೆಂಚಿನವರು ಬಾಯಿಗೆ ಬಂದ ಹಾಗೆ ಮಾತಾಡ್ತಾರೆ, ಅವರಿಗೆ ವೆರಿ ಗುಡ್ ಅಂತೀರಿ. ನಂಗೆ ಎರಡು ವರ್ಷದಿಂದ ಬರೀ ಕೆಟ್ಟಿಲ್ಲ.”

“ಅವರು ಹೆದರ್ತಾರೆ ಅಂತ ಸಮಾಧಾನಕ್ಕೆ ಹಾಗಂತೀನಿ. ನಾಟ್ ಬ್ಯಾಡ್ ಅನ್ನೋದು ನಿಜವಾಗ್ಲೂ ಚೆನ್ನಾಗಿ ಮಾಡಿದವರಿಗೆ.”

“ಅದು ಯಾವ ಊರಿನ ನ್ಯಾಯ ಮಿಸ್?”

“ನಮ್ಮನೆ ನ್ಯಾಯ,” ಎಂದು ಟೀಚರಮ್ಮ ಅಪ್ಪನ ಕಥೆ ಹೇಳಿದಳು. ಕನ್ನಡಕ, ರ್‍ಯಾಂಕು, ಗಿಡದ ನೀರು, ಒಂದನ್ನೂ ಬಿಡಲಿಲ್ಲ. ಟೈಲರಮ್ಮ ನಕ್ಕುಬಿಡುತ್ತಾರೆ ಎಂದುಕೊಂಡಿದ್ದಳು. ಅವರು ನಗಲಿಲ್ಲ.

“ಚಿಕ್ಕವರಿದ್ದಾಗ ನಿಮಗೆ ಗೊತ್ತಾಗ್ತಿತ್ತಾ, ಅದು ಹೊಗಳಿಕೆ ಅಂತ?”

ಅಮ್ಮ ಹೇಳುತ್ತಿದ್ದಳಲ್ಲ ಎನ್ನಲು ಹೋದಳು. ಅಮ್ಮ ಹೇಳುತ್ತಿದ್ದದ್ದು ನಿಜ. ಮಗಳು ನಂಬುತ್ತಿರಲಿಲ್ಲ ಎಂಬುದೂ ನಿಜ. ಅಮ್ಮ ಸಮಾಧಾನಕ್ಕೆ ಹೇಳುತ್ತಿದ್ದಾಳೆ ಎಂದುಕೊಂಡು, ಅಪ್ಪನ ಬಾಯಿಂದಲೇ ಇನ್ನೊಂದು ಮಾತು ಬಂದೀತೆಂದು ನಡುಮನೆಯಲ್ಲಿ ಅಂಕಪಟ್ಟಿ ಹಿಡಿದು ಸುಮ್ಮಸುಮ್ಮನೆ ಓಡಾಡುತ್ತಿದ್ದ ಹುಡುಗಿ ಅವಳು. ನಲವತ್ತಕ್ಕೆ ಕಾಲಿಟ್ಟ ಮೇಲೆ, ಯಾರದೋ ಊರಿನ ಹೊಲಿಗೆ ಅಂಗಡಿಯಲ್ಲಿ ನಿಂತು, ಅವಳಿಗೆ ಅದು ಈಗ ನೋಯಿತು.

“ಇಲ್ಲ,” ಎಂದಳು. “ಗೊತ್ತಾಗ್ತಿರಲಿಲ್ಲ.”

ಎದುರಿಗೆ ನಿಂತು ಹೊಗಳುವುದು ಅವಳಿಗೆ ಹುಟ್ಟಿನಿಂದ ಬಂದ ವಿದ್ಯೆಯಲ್ಲ. ಕಿವಿ ಬಿಸಿಯಾಯಿತು. ಆದರೂ ಇಸ್ತ್ರಿ ಮೇಜನ್ನು ಗಟ್ಟಿಯಾಗಿ ಹಿಡಿದುಕೊಂಡು ಹೇಳಿದಳು: “ಈ ಆರು ವರ್ಷದಲ್ಲಿ ನಿಮ್ಮಷ್ಟು ಚೆನ್ನಾಗಿ ಕಲಿತವರು ನಂಗೆ ಸಿಕ್ಕಿಲ್ಲ. ನೀವು ಪಾಸಾಗ್ತೀರಿ. ಇದನ್ನ ಮೊದಲೇ ಹೇಳಬೇಕಿತ್ತು. ಹೇಳದೆ ಇದ್ದದ್ದು ನನ್ನ ತಪ್ಪು.”

ಟೈಲರಮ್ಮ ಕೊರಳಿನ ಟೇಪನ್ನು ತೆಗೆದು ಮೇಜಿನ ಮೇಲಿಟ್ಟರು. ಸೆರಗು ಸರಿ ಮಾಡಿಕೊಂಡಂತೆ ಕೋಟು ಸರಿ ಮಾಡಿಕೊಂಡು, ಅಂಗಡಿಗೆ ಬೀಗ ಹಾಕಿದರು.

ನಾಲ್ಕೂಮುಕ್ಕಾಲಿಗೆ ಇಬ್ಬರೂ ಏದುಸಿರು ಬಿಡುತ್ತಾ ಪರೀಕ್ಷಾ ಕಚೇರಿಯ ಕಿಟಕಿಯ ಮುಂದೆ ನಿಂತಿದ್ದರು. ಗುಮಾಸ್ತ ಗಡಿಯಾರ ನೋಡಿದ, ಇವರನ್ನು ನೋಡಿದ, ನಿಟ್ಟುಸಿರು ಬಿಟ್ಟು ಅರ್ಜಿ ಕೊಟ್ಟ. ಟೈಲರಮ್ಮ ಒಂದೂ ಅಕ್ಷರ ತಿದ್ದದೆ ತುಂಬಿದರು. ಅವನು ಮೊಹರು ಒತ್ತಿದ ಮೇಲೆ ಟೀಚರಮ್ಮನಿಗೆ ಹೊಟ್ಟೆಗೆ ಹಾಲು ಹೊಯ್ದಂತಾಯಿತು.

ರಸೀತಿ ಮಡಿಸಿಕೊಳ್ಳುತ್ತಾ ಟೈಲರಮ್ಮ ಅವಳ ಕಡೆ ತಿರುಗಿದರು. ಪರೀಕ್ಷಕರ ಮುಂದೆ ನಿಂತವರ ಹಾಗೆ ಬೆನ್ನು ನೆಟ್ಟಗೆ ಮಾಡಿ, ಒಂದೊಂದೇ ಪದ ಬಿಡಿಸಿ, ಇಂಗ್ಲಿಷಿನಲ್ಲೇ ಹೇಳಿದರು: “ನೀವು ತುಂಬಾ ಒಳ್ಳೆ ಟೀಚರ್. ನಿಮಗೂ ಯಾರೂ ಹೇಳಿಲ್ಲ ಅನ್ಸುತ್ತೆ.”

ವಾಕ್ಯದಲ್ಲಿ ತಪ್ಪಿರಲಿಲ್ಲ. ಇಂಥ ಮಾತಿಗೆ ‘ಥ್ಯಾಂಕ್ ಯೂ’ ಎನ್ನಬೇಕು ಎಂದು ಆರು ವರ್ಷದಿಂದ ಊರಿಗೆಲ್ಲ ಕಲಿಸಿದ ಟೀಚರಮ್ಮ, ಕಿಟಕಿಯ ಕಟ್ಟೆ ಹಿಡಿದುಕೊಂಡು, ಗುಮಾಸ್ತ ನೋಡುತ್ತಿದ್ದಾನೆ ಎಂಬ ಎಗ್ಗೂ ಇಲ್ಲದೆ ಅತ್ತಳು.