ನೋಡದ ಹೊರತು ಕೇಸಿಲ್ಲ

"ಕಳ್ಳ ರಂಡೇ, ಎಲ್ಲಿಟ್ಟೀ ಅದನ್ನ? ತಗದ್ ಕೊಡ!"

ಮುಕಾದಮ ಹಣಮಂತ್ರಾಯ ತಗಡಿನ ಶೆಡ್ಡಿನ ಬಾಗಿಲಿಗೆ ಒದ್ದ. ಊರಿಂದ ಈ ಕೂಲಿಯವರನ್ನೆಲ್ಲ ಟೆಂಪೋದಲ್ಲಿ ತುಂಬಿಕೊಂಡು ಪುಣೆಗೆ ತಂದವನು ಇವನೇ. ಚನ್ನಬಸವ್ವನನ್ನು ಬಾಯಿತುಂಬ ಚಿಗವ್ವಾ ಅನ್ನುತ್ತಿದ್ದವನೂ ಇವನೇ. ಇವತ್ತು ಚಿಗವ್ವ ರಂಡೆಯಾಗಿದ್ದಳು. ಅವನ ಹಿಂದೆ ಹವಾಲ್ದಾರ, ಪಕ್ಕದಲ್ಲಿ ಸೈಟಿನ ಇಂಜಿನಿಯರ್ ಮಂದಾರ.

ಚನ್ನಬಸವ್ವ ಸೆರಗಿನಲ್ಲಿ ಡ್ರೋನನ್ನು ಅವುಚಿಕೊಂಡು ಹೊರಬಂದಳು. ಒಳಗೆ ಮಗಳು ಶೈಲಶ್ರೀ ಮೂಲೆ ಹಿಡಿದು ಕೂತಿದ್ದಳು. ಬೆಳಿಗ್ಗೆಯಿಂದ ಬಾಯಿಗೆ ಹನಿ ನೀರು ಹಾಕಿರಲಿಲ್ಲ.

ಆಗಿದ್ದಿಷ್ಟು. ಪುಣೆಯ ಕೋಥರೂಡದಾಚೆಯ ಈ ಸೈಟಿನಲ್ಲಿ ಕೂಲಿಯವರ ಬಚ್ಚಲೆಂದರೆ ನಾಲ್ಕು ಗಳ, ಸುತ್ತ ಹಳೆಯ ಬ್ಯಾನರು, ಮೇಲೆ ಬರೀ ಆಕಾಶ. ಕಟ್ಟಡ ಎಷ್ಟು ಮೇಲೆದ್ದಿದೆ ಎಂದು ಫೋಟೋ ಹಿಡಿಯಬೇಕಾದ ಮಂದಾರನ ಡ್ರೋನು, ಕಟ್ಟಡ ಬಿಟ್ಟು, ಶೈಲಶ್ರೀ ಜಳಕ ಮಾಡುವಾಗ ಬಚ್ಚಲ ನೆತ್ತಿಗೇ ಇಳಿದು ನಿಂತಿತು. ಹುಡುಗಿ ಚಿಟ್ಟನೆ ಚೀರಿದಳು. ಹೊರಗೆ ಬಟ್ಟೆ ಹಿಂಡುತ್ತಿದ್ದ ಚನ್ನಬಸವ್ವ ಕೈಯಲ್ಲಿದ್ದ ಒದ್ದೆ ಸೀರೆಯನ್ನೇ ಬೀಸಿ ಎಸೆದಳು. ಅದು ರೆಕ್ಕೆಗೆ ಸುತ್ತಿಕೊಂಡು, ಹಾಳಾದ್ದು ಧೊಪ್ಪನೆ ಕೆಳಗೆ ಬಿತ್ತು. ಅವಳು ಅದನ್ನೆತ್ತಿಕೊಂಡು ಶೆಡ್ಡಿನೊಳಗೆ ಹೊಕ್ಕಿದ್ದಳು.

ಹವಾಲ್ದಾರ ಮರಾಠಿಯಲ್ಲಿ ಗದರಿದ್ದನ್ನು ಹಣಮಂತ್ರಾಯ ಕನ್ನಡ ಮಾಡಿದ. "ಸಾಹೇಬ್ರ ಮಷಿನ್ ಕದ್ದೀ ಅಂತ ಬರಕೋತಾರ. ಸೀದಾ ಒಳಗ ಹೋಗ್ತೀ."

"ನಾ ಕದ್ದಿಲ್ರಿ ಯಪ್ಪಾ. ಜಳಕಾ ಮಾಡೋ ಹೆಣ್ಣಮಗಳನ್ನ ಅಂವ ಮ್ಯಾಲಿಂದ ಹಣಿಕಿ ನೋಡ್ಯಾನ. ಅದಕ್ಕ ಕಾಯ್ದೆ ಇಲ್ಲೇನ್ರಿ?"

ಹವಾಲ್ದಾರ ನಕ್ಕ. ಕಾಯ್ದೆ ಇದೆಯಂತೆ. ಡ್ರೋನು ಹಾರಿಸಿ ಹೆಂಗಸರನ್ನು ನೋಡಿದರೆ ಜೈಲೇ ಅಂತೆ. ಆದರೆ ಪುರಾವೆ ಬೇಕಂತೆ.

"ಅದರಾಗಿನ ಕಾರ್ಡ್ ತಗದು ಠಾಣೆದಾಗ ಹಚ್ಚಿ ನೋಡಬೇಕಾಗ್ತದ," ಎಂದ ಹಣಮಂತ್ರಾಯ. "ಹವಾಲ್ದಾರ ಸಾಹೇಬ್ರು ನೋಡ್ತಾರ, ಮ್ಯಾಲಿನವ್ರು ನೋಡ್ತಾರ, ಕೋರ್ಟಿನ್ಯಾಗ ವಕೀಲ್ರು ನೋಡ್ತಾರ. ನಿನ್ನ ಮಗಳು ಹೌದೋ ಅಲ್ಲೋ ಅಂತ ನಾನೂ ಗುರ್ತು ಹೇಳಬೇಕಾದೀತು. ನೋಡದ ಹೊರ್ತು ಕೇಸಿಲ್ಲ, ಚಿಗವ್ವಾ."

ಈಗ ಚಿಗವ್ವ ಆದಳು ನೋಡಿ! ಮಂದಾರ ಮುಖ ಆ ಕಡೆ ತಿರುಗಿಸಿ ಮುಸಿಮುಸಿ ನಕ್ಕ.

ಚನ್ನಬಸವ್ವ ಡ್ರೋನನ್ನು ಇನ್ನೂ ಬಿಗಿಯಾಗಿ ಅವುಚಿಕೊಂಡಳು. ಕೊಟ್ಟರೆ ಮಗಳ ಮೈ ಠಾಣೆಯ ಮೇಜಿನ ಮೇಲೆ. ಕೊಡದಿದ್ದರೆ ತಾನು ಕಳ್ಳಿ. ಅತ್ತ ದರಿ, ಇತ್ತ ಪುಲಿ. ಇಷ್ಟು ಭಯ ಅವಳು ಹುಟ್ಟಿದಾಗಿನಿಂದ ಕಂಡಿರಲಿಲ್ಲ.

ಹವಾಲ್ದಾರ ಕೈ ನೀಡಿಕೊಂಡು ಮುಂದೆ ಬಂದ. ಅವಳು ಹಿಂದಕ್ಕೆ ಸರಿದಳು, ಇನ್ನೂ ಸರಿದಳು. ಬೆನ್ನ ಹಿಂದೆ ಕಾಂಕ್ರೀಟ್ ಮಿಕ್ಸರು ಗರಗರ ತಿರುಗುತ್ತಿತ್ತು. ಸರಕ್ಕನೆ ತಿರುಗಿ ಡ್ರೋನನ್ನು ಅದರ ಬಾಯಿಗೆ ಹಾಕಿಬಿಟ್ಟಳು. ಖಡಿಕಲ್ಲಿನ ನಡುವೆ ಅದು ಕಟಕಟ ಮುರಿಯುವುದು ಎಲ್ಲರಿಗೂ ಕೇಳಿಸಿತು.

"ಹುಚ್ಚ ರಂಡೇ! ಇದ್ದೊಂದು ಪುರಾವೆನೂ ಹೋತು. ಇನ್ನ ಕೇಸ್ ನಿನ್ನೊಬ್ಬಾಕಿ ಮ್ಯಾಲ!" ಹಣಮಂತ್ರಾಯ ಒದರಿದ.

"ಹಾಕ್ಕೋರಿ. ನನ್ನ ಮ್ಯಾಲೇ ಹಾಕ್ಕೋರಿ."

ಶೈಲಶ್ರೀ ಶೆಡ್ಡಿನ ಬಾಗಿಲಿಗೆ ಬಂದು ನಿಂತಿದ್ದಳು. "ಯವ್ವಾ," ಎಂದಳು. "ಅಂವ ದಿನಾ ಫೋನಿನ್ಯಾಗ ನೋಡಿಕೋತ ಹಾರಸ್ತಾನ. ಅದರಾಗೂ ಇರ್ತದ."

ಮಂದಾರನ ನಗೆ ನಿಂತಿತು. ಅವನ ಕೈ ಪ್ಯಾಂಟಿನ ಜೇಬಿಗೆ ಹೋಯಿತು.

ಚನ್ನಬಸವ್ವ ಖಡಿಯ ರಾಶಿಯಲ್ಲಿ ನೆಟ್ಟಿದ್ದ ಸಲಿಕೆ ಕಿತ್ತುಕೊಂಡಳು. ನೇರ ನಡೆದು ಹೋಗಿ ಮಂದಾರನ ಮುಂದೆ ನಿಂತು ಕೈ ಚಾಚಿದಳು.

"ಆ ಫೋನ್ ತಾರಲೇ, ಭಾಡ್ಯಾ!"